ಉಣ್ಣೋ ಜೋಳ, ಮಾರೋ ಲಿಂಬಿ

ಝಳಕಿ ಕ್ರಾಸಿನಲ್ಲಿ ಬಸ್ಸಿಳಿದ ಕೂಡಲೇ ಕಿವಿಗೆ ಬೀಳುವುದು ಕಬ್ಬಿನ ಟ್ರ್ಯಾಕ್ಟರಿನ ಹಾಡು. ಫೆಬ್ರುವರಿಯ ನಡುಭಾಗ, ಬೆಳಗಿನ ಆರರ ಹೊತ್ತು. ಚಳಿ ಪೂರ್ತಿ ಬಿಟ್ಟಿಲ್ಲ. ಎರಡು ಟ್ರೇಲಿ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಹಿಡಿಯಲು ಇಂಡಿ ದಾರಿಗೆ ಹೊರಳುತ್ತದೆ. ನಿಮ್ಮ ಬೆನ್ನ ಹಿಂದೆ ವಿಜಯಪುರ. ಮುಂದೆ ಧೂಳಖೇಡದ ಹತ್ತಿರ ಭೀಮಾ ಹೊಳೆ ದಾಟಿದರೆ ಮಹಾರಾಷ್ಟ್ರ, ಸೋಲಾಪುರ. ಎಡಕ್ಕೆ ಚಡಚಣ, ಬಲಕ್ಕೆ ಇಂಡಿ. ಚಹಾದ ಅಂಗಡಿಯವನು ಲಾರಿ ಡ್ರೈವರನಿಗೆ ಮರಾಠಿಯಲ್ಲಿ ಚಿಲ್ಲರೆ ಎಣಿಸಿ ಕೊಟ್ಟು, ತಿರುಗಿ ನಿಮ್ಮನ್ನು ಕನ್ನಡದಲ್ಲಿ ಸಕ್ಕರೆ ಎಷ್ಟೆಂದು ಕೇಳುತ್ತಾನೆ.

ಕ್ರಾಸಿನ ಒಂದು ಬದಿಯಲ್ಲಿ ಟಂಟಂ ನಿಂತಿದೆ. ಅದರೊಳಗೆ ಹೆಣ್ಣುಮಕ್ಕಳು ಒತ್ತಿಕೊಂಡು ಕೂತಿದ್ದಾರೆ; ತಲೆಗೆ ಟವೆಲ್ಲು, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ಮಡಿಲಲ್ಲಿ ರೊಟ್ಟಿ ಗಂಟು.

“ಎಲ್ಲಿಗಿ ಹೊಂಟೀರಿ ಅಕ್ಕಾರ?”

“ಮಣೂಕದ ಶೆಡ್ಡಿಗ್ರಿ. ಇನ್ನ ಎರಡ ತಿಂಗಳ ಕೆಲಸಕ್ಕ ಕೊರತಿ ಇಲ್ಲ. ಆಮ್ಯಾಲ ಯಾರ್ ಕರೀತಾರ್ರಿ?”

ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಎಣ್ಣೆ ಬೆರೆಸಿದ ನೀರಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರವಿ, ಎರಡು ವಾರಕ್ಕೂ ಮೇಲೆ ಒಣಗಿಸಿದರೆ ಮಣೂಕ. ಅದ್ದುವುದು, ಹರವುವುದು, ಒಣಗಿದ ಮೇಲೆ ತೊಟ್ಟು ಬಿಡಿಸಿ ಬಣ್ಣ ನೋಡಿ ಆರಿಸುವುದು, ಎಲ್ಲದಕ್ಕೂ ಇವರ ಕೈಯೇ ಬೇಕು. ವಿಜಯಪುರ ಜಿಲ್ಲೆಯ ಮಣೂಕ ಸಾಂಗಲಿ, ತಾಸಗಾಂವ್ ಪೇಟೆಯಲ್ಲಿ ದರ ಕಾಣುತ್ತದೆ. ನಡುವೆ ಒಂದು ಅಕಾಲ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ, ಮಾಲಕನ ಜೊತೆಗೆ ಈ ಟಂಟಂ ಕೂಡ ನಿಲ್ಲುತ್ತದೆ.

ಟಂಟಂ ಹೊರಟಿತು. ನೀವು ಹೆದ್ದಾರಿ ಬಿಟ್ಟು ಊರೊಳಗೆ ಕಾಲಿಡಿ. ಇದೇ ಸೋಲಾಪುರ–ವಿಜಯಪುರ ಹೆದ್ದಾರಿಯ ಚತುಷ್ಪಥ ಕಾಮಗಾರಿಯಲ್ಲಿ 2021ರ ಫೆಬ್ರುವರಿಯಲ್ಲಿ 25.54 ಕಿ.ಮೀ. ಉದ್ದದ ಒಂದು ಪಥಕ್ಕೆ 18 ಗಂಟೆಯಲ್ಲಿ ಡಾಂಬರು ಹಾಕಿದ್ದು ದೇಶದ ಸುದ್ದಿಯಾಗಿತ್ತು. ಆ ರಸ್ತೆಯಿಂದ ಹೊಲಕ್ಕೆ ಇಳಿಯುವ ಬಂಡಿದಾರಿಯಲ್ಲಿ ಮಳೆಗಾಲಕ್ಕೆ ಟ್ರ್ಯಾಕ್ಟರಿನ ಗಾಲಿಯೂ ಹೂತುಹೋಗುತ್ತದೆ. ಎರೆಮಣ್ಣು ಹಸಿಯಾದರೆ ಎತ್ತಿಗೂ ದಾರಿ ಬಿಡುವುದಿಲ್ಲ. ರೈತನ ಮಾಲು ಹೆದ್ದಾರಿ ಮುಟ್ಟುವ ಮೊದಲ ಮೈಲಿಯೇ ಅತ್ಯಂತ ತುಟ್ಟಿಯ ಮೈಲಿ, ಅದನ್ನು ಯಾವ ದಾಖಲೆಯ ಪುಸ್ತಕವೂ ಅಳೆದಿಲ್ಲ.

ಓಣಿಯಲ್ಲಿ ಹಳೆಯ ಮಾಳಿಗೆ ಮನೆ, ಪಕ್ಕದಲ್ಲಿ ಹೊಸ ಆರ್‌ಸಿಸಿ, ಅದರ ಪಕ್ಕ ಪತ್ರಾಸಿನ ಶೆಡ್ಡು. ಕೆಲವು ಬಾಗಿಲಿಗೆ ಕೀಲಿ. ಅಂಥ ಮನೆಯವರು ದೀಪಾವಳಿಯ ಆಸುಪಾಸಿಗೆ ಕಬ್ಬು ಕಡಿಯಲು ಹೋದವರು. ಇಂಡಿ, ಸಿಂದಗಿ ಸೀಮೆಯ ಹಳ್ಳಿ ತಾಂಡಾಗಳಿಂದ ಗಂಡ–ಹೆಂಡತಿ ಜೋಡಿಯಾಗಿ ಗ್ಯಾಂಗ್ ಸೇರಿ ಮಹಾರಾಷ್ಟ್ರದ ಸಕ್ಕರೆ ಸೀಮೆಗೆ ಹೋಗುವುದು ಹೊಸದೇನಲ್ಲ. ಹೋಗುವ ಮೊದಲೇ ಗ್ಯಾಂಗ್ ಕಟ್ಟುವ ಮುಕಾದಮನ ಕೈಯಿಂದ ಅಡ್ವಾನ್ಸ್ ಬಂದಿರುತ್ತದೆ. ಅದು ಮಗಳ ಮದುವೆಗೋ ಹಳೆಯ ಸಾಲಕ್ಕೋ ಆಗಲೇ ಖರ್ಚಾಗಿರುತ್ತದೆ. ಯುಗಾದಿಯವರೆಗೆ ಕಡಿಯುವುದೆಲ್ಲ ಆ ರೊಕ್ಕ ಹರಿಯಲಿಕ್ಕೆ. ಮಕ್ಕಳು ಅಜ್ಜ–ಆಯಿಯ ಹತ್ತಿರ ಉಳಿದರೆ ಸಾಲೆಗೆ ಹೋಗುತ್ತವೆ. ಜೊತೆಗೆ ಹೋದರೆ ಆ ವರ್ಷದ ಸಾಲೆ ಅಲ್ಲಿಗೇ ಮುಗಿಯಿತು. ಕೀಲಿ ಹಾಕಿದ ಬಾಗಿಲ ಮುಂದೆ ನಿಂತು ಇದನ್ನು ಯೋಚಿಸುವುದು ಕಷ್ಟದ ಕೆಲಸ. ಊರಲ್ಲೇ ಉಳಿದರೆ ಸಿಗುವ ಉದ್ಯೋಗ ಖಾತ್ರಿಯ ಕೂಲಿ 2025–26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಆದರೆ ಖಾತ್ರಿ ಕೆಲಸದ ಕೂಲಿ ಕೆಲಸ ಮುಗಿದ ಮೇಲೆ ಬರುತ್ತದೆ, ಕಬ್ಬಿನ ಅಡ್ವಾನ್ಸ್ ಕೆಲಸಕ್ಕೂ ಮೊದಲು ಬರುತ್ತದೆ. ತುರ್ತಿನಲ್ಲಿರುವ ಮನೆ ಯಾವುದನ್ನು ಹಿಡಿಯುತ್ತದೆ ಎಂದು ಹೇಳಬೇಕಿಲ್ಲ.

ಒಂದು ಮನೆಯೊಳಗೆ ಬನ್ನಿ. ಇಂಥ ಮನೆಗಳು ಈ ಸೀಮೆಯಲ್ಲಿ ಊರಿಗೆ ಹತ್ತಾರು, ಹೆಸರು ಬೇಡ. ಐದು ಎಕರೆ ಎರೆ ಹೊಲ, ಬೋರಿನ ಕೆಳಗೆ ಎರಡು ಎಕರೆ ಲಿಂಬೆ. ಉಣ್ಣುವವರು ಆರು ಮಂದಿ. ಒಲೆಯ ಮುಂದೆ ಕಾಕಿ ರೊಟ್ಟಿ ಬಡಿಯುತ್ತಿದ್ದಾಳೆ. ಆ ಸಪ್ಪಳಕ್ಕೆ ತಾಳ ತಪ್ಪುವುದಿಲ್ಲ. ಗುರೆಳ್ಳು ಚಟ್ನಿ, ಪುಂಡಿಪಲ್ಯ, ಗಡಿಗೆಯಿಂದ ತೆಗೆದ ಮೊಸರು ತಾಟಿಗೆ ಬರುತ್ತವೆ. ಒಲ್ಲೆ ಎಂದರೆ ಕೇಳುವುದಿಲ್ಲ: “ಒಂದ ರೊಟ್ಟಿ ತಿಂದ್ರ ಹೊಟ್ಟಿ ಒಡಿಯಂಗಿಲ್ಲ, ತಿನ್ರಿ ತಮ್ಮಾ.”

ಕಟ್ಟೆಯ ಮೇಲೆ ಕೂತ ಆಯಿ ಲೆಕ್ಕ ಹೇಳುತ್ತಾಳೆ. ಸಾಲೆ ಕಲಿತವಳಲ್ಲ, ಲೆಕ್ಕ ಮಾತ್ರ ಪಕ್ಕಾ. ಆರು ಮಂದಿಗೆ ತಿಂಗಳಿಗೊಂದು ಚೀಲ ಜೋಳ, ವರ್ಷಕ್ಕೆ ಹನ್ನೆರಡು. ಬೀಗರು, ಹಬ್ಬ, ದಾನ, ಆಯದವರು ಸೇರಿ ಇನ್ನೆರಡು. ಇದು ಉಣ್ಣುವ ಲೆಕ್ಕ. ಇದಕ್ಕೆ ಯಾರೂ ಕೈ ಹಾಕುವಂತಿಲ್ಲ. ಎಣ್ಣೆ, ಔಷಧ, ಸಾಲೆಯ ಫೀ, ಬೋರಿನ ಸಾಲ, ಫೋನಿನ ರಿಚಾರ್ಜು, ಮದುವೆ ಇವೆಲ್ಲ ರೊಕ್ಕದ ಲೆಕ್ಕ. ಅದು ಲಿಂಬೆ, ತೊಗರಿ, ಕೂಲಿಯಿಂದ ಬರಬೇಕು. “ಅದು ಬ್ಯಾರೆ, ಇದು ಬ್ಯಾರೆ. ಎರಡೂ ಕೂಡ್ಸಿದ ಮನಿ ಉಳಿದಿಲ್ಲ ನೋಡಪಾ.”

ಆಯಿಯ ಮಾತಿನ ಹಿಂದೆ ಈ ನೆಲದ ಬರಗಳ ನೆನಪಿದೆ. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆಯ, ಅಂದರೆ ಇವತ್ತಿನ ವಿಜಯಪುರ–ಬಾಗಲಕೋಟೆ ಸೀಮೆಯ, ಹಳ್ಳಿಗಳು ಖಾಲಿಯಾದವು. ಇಂಡಿ ರೋಡ್ ನಿಲ್ದಾಣದ ಮೂಲಕ ಹಾಯುವ ಹೋಟಗಿ–ಗದಗ ರೈಲುದಾರಿ ಹುಟ್ಟಿದ್ದೇ ಆ ಬರದ ಪಾಠದಿಂದ, ಮುಂದಿನ ಬರಕ್ಕೆ ಕಾಳು ಸಾಗಿಸಲು. ಎಪ್ಪತ್ತೆರಡರ ಬರವನ್ನು ಕಂಡವರು ಓಣಿಯಲ್ಲಿ ಇನ್ನೂ ಇದ್ದಾರೆ. ಹಿಂದೆ ಪ್ರತಿ ವಾಡೆಯ ಅಂಗಳದಲ್ಲೂ ಹಗೇವು ಇರುತ್ತಿತ್ತು: ನೆಲ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದ ಕಾಳು. ಈಗ ಹಗೇವು ಮುಚ್ಚಿ ಮೇಲೆ ಸಿಮೆಂಟು ಬಳಿದಾಗಿದೆ, ಆ ಜಾಗದಲ್ಲಿ ಮೋಟಾರ್ ಸೈಕಲ್ ನಿಲ್ಲುತ್ತದೆ. ಜೋಳ ಪ್ಲಾಸ್ಟಿಕ್ ಚೀಲಕ್ಕೆ ಬಂತು, ಚೀಲ ಮಾರುವುದು ಸುಲಭವಾಯಿತು. ಹಗೇವು ತೆಗೆಯಬೇಕಾದರೆ ಮನೆಯ ಮಂದಿಯೆಲ್ಲ ಕೂತು ಮಾತಾಡಬೇಕಿತ್ತು. ಚೀಲವನ್ನು ಒಬ್ಬನೇ ಬೈಕಿನ ಮೇಲೆ ಒಯ್ಯಬಹುದು.

ಒಂಬತ್ತಕ್ಕೆ ಹೊಲ. ಕಾಕಾ ಮುಂದೆ, ನೀವು ಹಿಂದೆ. ದಾರಿಯಲ್ಲಿ ಮಡ್ಡಿ ಬರುತ್ತದೆ, ಗರಸು ಕಾಲಿಗೆ ಚುಚ್ಚುತ್ತದೆ, ಇಳಿಜಾರು ಮುಗಿಯುತ್ತಲೇ ಕಪ್ಪು ನೆಲ ಶುರು. ಬಗ್ಗಿ ನೋಡಿ: ನೆಲ ಬಿರಿದು ನಿಮ್ಮ ಅಂಗೈ ಇಳಿಯುವಷ್ಟು ಬಾಯಿ ಬಿಟ್ಟಿದೆ. ಅದರ ಮೇಲೆ ಎದೆ ಮಟ್ಟಕ್ಕೂ ಮೀರಿ ನಿಂತ ಬಿಳಿಜೋಳ, ಮಾಲದಂಡಿ. ಈ ಜೋಳ ಬಿತ್ತಿದ ಮೇಲೆ ಒಂದು ಹನಿ ನೀರು ಕೊಟ್ಟಿಲ್ಲ ಎಂದರೆ ಮಂಡ್ಯದ ರೈತ ನಂಬಲಿಕ್ಕಿಲ್ಲ. ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಹರಗಿ, ಬಿದ್ದ ಮಳೆಯನ್ನೆಲ್ಲ ಮಣ್ಣಿಗೆ ಕುಡಿಸುತ್ತಾರೆ. ಉತ್ತರಿ, ಹಸ್ತಾ ಮಳೆಯ ಹದಕ್ಕೆ, ಸೆಪ್ಟೆಂಬರ್–ಅಕ್ಟೋಬರದಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ದೇವರ ದಯ, ಬರದಿದ್ದರೆ ಮಣ್ಣಿನೊಳಗಿನ ತೇವವೇ ಗತಿ. ಆ ತೇವ ಆರದಂತೆ ಎಡೆ ಹೊಡೆದು, ಮೇಲ್ಮಣ್ಣು ಸಡಿಲಿಸಿ, ಬಿರುಕು ಮುಚ್ಚುತ್ತ ಹೋಗಬೇಕು. 1930ರ ದಶಕದಲ್ಲಿ ಸೋಲಾಪುರ, ಬಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದಾಗ ವಿಜ್ಞಾನಿಗಳು ಅಳೆದು ಬರೆದದ್ದು ಇದನ್ನೇ: ಒಡ್ಡು, ಆಳದ ಹರಗು, ಎಡೆ. ಮಾಲದಂಡಿಯನ್ನು ಆರಿಸಿ ಎಂ 35–1 ಎಂದು ಹೆಸರಿಟ್ಟದ್ದೂ ಇಲ್ಲಿಂದ ದೂರದಲ್ಲಲ್ಲ, ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ. ಎಷ್ಟೋ ಹೈಬ್ರಿಡ್ ಬಂದು ಹೋದವು. ರೊಟ್ಟಿಯ ಮೆದುತನ, ಹಾಲುಬಣ್ಣ, ದನ ಒಲ್ಲೆ ಎನ್ನದ ಕಣಕಿ ಈ ಮೂರೂ ಒಟ್ಟಿಗೆ ಕೊಡುವ ತಳಿ ಎಂದು ರೈತ ಅದನ್ನು ಬಿಟ್ಟಿಲ್ಲ.

ಇಲ್ಲಿ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ನೀವೂ ಒಂದು ದಂಟು ಹಿಡಿದು ಎಳೆದು ನೋಡಿ. ಒಣಗಿದ ಎರೆ ಬಿಡುವುದಿಲ್ಲ. ಸೊಂಟ ಬಗ್ಗಿಸಿ, ಎರಡೂ ಕೈಯಿಂದ, ಒಂದು ಓರೆ ಜಗ್ಗು ಜಗ್ಗಬೇಕು. ಹತ್ತು ದಂಟಿಗೆ ಅಂಗೈ ಕೆಂಪಾಗುತ್ತದೆ. ಕೀಳುವವರ ಅಂಗೈಗೆ ಬಟ್ಟೆ ಸುತ್ತಿದೆ. ಕಿತ್ತ ಜೋಳ ಸಾಲಾಗಿ ಮಲಗುತ್ತದೆ, ಹಿಂದಿನಿಂದ ಹೆಣ್ಣುಮಕ್ಕಳು ಕುಡಗೋಲು ಹಿಡಿದು ತೆನೆ ಮುರಿಯುತ್ತ ಬರುತ್ತಾರೆ, ಸೊಪ್ಪೆ ಸಿವುಡು ಕಟ್ಟುತ್ತಾರೆ. ತೆನೆಯ ಧೂಳು ಕುತ್ತಿಗೆಗೆ ಇಳಿದರೆ ಸಂಜೆಯವರೆಗೂ ನವೆ. ಹನ್ನೊಂದಕ್ಕೆ ಬಿಸಿಲು ಏರಿತು. ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಒಬ್ಬ ಹಿರಿಯಳನ್ನು ಕೂಲಿ ಕೇಳಿ.

“ರೊಕ್ಕಾನೂ ಕೊಡ್ತಾರ್ರಿ, ಕಾಳೂ ಕೊಡ್ತಾರ. ನಾ ಕಾಳಿಗೇ ಬರ್ತೀನಿ. ರೊಕ್ಕ ಒಯ್ದ್ರ ಮನಿ ಮುಟ್ಟೂದ್ರಾಗ ಸಂಘದ ಕಂತಿಗಿ ಹೋಕ್ಕದ. ಕಾಳ ಯಾರೂ ಕೇಳಂಗಿಲ್ಲ.”

ಈಕೆಗೆ ಹೊಲವಿಲ್ಲ. ಪಡಿತರದ ಅಕ್ಕಿ ಇದೆ, ಅದರಿಂದ ಹಸಿವು ತಪ್ಪಿದೆ ಎಂದು ಆಕೆಯೇ ಹೇಳುತ್ತಾಳೆ. ಆದರೆ ರೊಟ್ಟಿ ಉಂಡು ಬೆಳೆದ ಮೈ ಅದು. ಸುಗ್ಗಿಯ ತಿಂಗಳಲ್ಲಿ ಹೊಲ ಹೊಲ ತಿರುಗಿ ಕೂಲಿಯ ಕಾಳು ಕೂಡಿಸಿಟ್ಟರೆ ಮಳೆಗಾಲ ಬರುವವರೆಗೆ ರೊಟ್ಟಿ. ಜೋಳದ ಹೊಲ ಕಡಿಮೆಯಾಗಿ ಅಲ್ಲಿ ಕಬ್ಬೋ ತೊಗರಿಯೋ ನಿಂತಾಗ ಆಗುವ ನಷ್ಟ ಮಾಲಕನ ಖಾತೆಯಲ್ಲಿ ಕಾಣುವುದಿಲ್ಲ. ಅವನಿಗೆ ಲಾಭವೇ ಆಗಿರಬಹುದು. ಅದು ಈ ಹೆಂಗಸಿನ ಮನೆಯಲ್ಲಿ ಕಾಣುತ್ತದೆ. ಯಂತ್ರದಿಂದ ಕೊಯ್ದ ತೊಗರಿಯ ರೊಕ್ಕ ಸೀದಾ ಬ್ಯಾಂಕಿಗೆ ಹೋಗುತ್ತದೆ, ಆಕೆಯ ಮಡಿಲಿಗೆ ಏನೂ ಬೀಳುವುದಿಲ್ಲ. ಊರಿನ ಬಡತನವನ್ನು ಅಳೆಯಲು ಬರುವವರು ತಲಾ ಆದಾಯ ಕೇಳುತ್ತಾರೆ. ಡಾ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಇಂಡಿಯೂ ಒಂದು. ಆ ಪಟ್ಟಿ ಬೇಕಿತ್ತು, ಅದರಿಂದ ಅನುದಾನಕ್ಕೆ ಆಧಾರ ಸಿಕ್ಕಿತು. ಆದರೆ ಮನೆಯಲ್ಲಿ ಎಷ್ಟು ತಿಂಗಳ ಜೋಳ ಇದೆ ಎಂಬ ಪ್ರಶ್ನೆಯನ್ನೂ ಕೇಳಬೇಕು. ನನಗೆ ಗೊತ್ತಿರುವ ಮಟ್ಟಿಗೆ ಈ ಸೀಮೆಯಲ್ಲಿ ಮನೆಯೊಂದರ ಧೈರ್ಯ ಅಳೆಯಲು ಅದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ.

ಮಧ್ಯಾಹ್ನ ಲಿಂಬೆಯ ತೋಟ. ಮುಳ್ಳು ತಪ್ಪಿಸಿ ಬಗ್ಗಿ ಒಳಗೆ ಬನ್ನಿ, ಇಲ್ಲಿ ತಂಪು. ಮೂಗಿಗೆ ಹೂವಿನ ವಾಸನೆ, ಟೊಂಗೆಯ ತುದಿಯಲ್ಲಿ ಗೋಲಿಯಷ್ಟು ಹಸಿರು ಕಾಯಿ. ಆ ಕಾಯಿಗಳ ಮೇಲೇ ಮನೆಯ ವರ್ಷದ ರೊಕ್ಕ ನಿಂತಿದೆ. ಮಳೆಗಾಲದಲ್ಲಿ ಗಿಡ ತಾನಾಗಿಯೇ ಕಾಯಿ ಸುರಿಸುತ್ತದೆ, ಆಗ ಕೇಳುವವರಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಶರಬತ್ತಿನ ಅಂಗಡಿಗಳೆಲ್ಲ ತೆರೆದಾಗ ದರ ಏರುತ್ತದೆ, ಆಗ ಗಿಡದಲ್ಲಿ ಕಾಯಿ ಇರುವುದಿಲ್ಲ. ಬೇಸಿಗೆಗೆ ಹಣ್ಣು ಬೇಕಾದರೆ ಹಸ್ತಾ ಮಳೆಯ ಹೊತ್ತಿಗೆ ಹಿಡಿದ ಹೂವನ್ನು ಉಳಿಸಿಕೊಳ್ಳಬೇಕು. ಆ ಕಾಯಿ ಬಲಿಯಲು ನೀರು ಬೇಕಾಗುವುದು ಫೆಬ್ರುವರಿಯಿಂದ ಮೇವರೆಗೆ, ಅಂದರೆ ಸರಿಯಾಗಿ ಬೋರು ಬತ್ತುವ ದಿನಗಳಲ್ಲಿ.

2016ರಲ್ಲಿ, ಮತ್ತೆ 2019ರಲ್ಲಿ ಇಂಡಿ ಸೀಮೆಯ ರೈತರು ಲಿಂಬೆ ಗಿಡ ಉಳಿಸಲು ಟ್ಯಾಂಕರಿನಿಂದ ನೀರು ಹಾಕಿಸಿದರು. ಕಾಯಿಯ ಆಸೆಗಲ್ಲ, ಗಿಡದ ಜೀವಕ್ಕೆ. ನೆಟ್ಟ ನಾಲ್ಕೈದು ವರ್ಷಕ್ಕೆ ಫಲ ಕೊಡಲು ಶುರು ಮಾಡುವ ಗಿಡ ಅದು. ಒಂದು ಬೇಸಿಗೆಯಲ್ಲಿ ಒಣಗಿದರೆ ಮತ್ತೆ ನಾಲ್ಕೈದು ವರ್ಷ ಹಿಂದಕ್ಕೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದಾಗ ಮತ್ತದೇ ಟ್ಯಾಂಕರು. ಕಾಕಾ ಬೋರಿನ ಕೇಸಿಂಗ್ ತೋರಿಸುತ್ತಾನೆ. ಅದರ ಹತ್ತು ಹೆಜ್ಜೆ ಆಚೆ ಇನ್ನೊಂದು, ಬಾಯಿಗೆ ಕಲ್ಲು ಮುಚ್ಚಿದ್ದು.

“ಅದರಾಗ ಬರೇ ಬಿಳೀ ಧೂಳ ಬಂತ್ರಿ. ಕರಿಕಲ್ಲ ಕೊರದದ್ದ ಕೊರದದ್ದು. ಸಾಲ ಮಾತ್ರ ಹಸಿ ಅದ.”

ಈ ನೆಲದ ಕೆಳಗಿರುವುದು ಲಾವಾ ಆರಿ ಆದ ಕರಿಕಲ್ಲು. ನೀರು ನಿಲ್ಲುವುದು ಅದರ ಸೀಳುಗಳಲ್ಲಿ ಮಾತ್ರ. ಸೀಳು ಸಿಕ್ಕರೆ ತೋಟ, ಸಿಗದಿದ್ದರೆ ಪುಡಿ. ಹತ್ತು ಎಚ್.ಪಿ.ವರೆಗಿನ ಪಂಪಿಗೆ ಕರೆಂಟಿನ ಬಿಲ್ಲಿಲ್ಲ, ಅದು ರೈತನಿಗೆ ದೊಡ್ಡ ಆಧಾರ. ಆದರೆ ಬಿಲ್ಲಿಲ್ಲದ ಕರೆಂಟು ಇಲ್ಲದ ನೀರನ್ನು ಎತ್ತಲಾರದು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಇದೇ ಜಿಲ್ಲೆಯಲ್ಲಿದೆ. ಅದರ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಬೇಕೆಂಬ ವಾದ ನ್ಯಾಯಮಂಡಳಿ, ನ್ಯಾಯಾಲಯಗಳಲ್ಲಿ ನಡೆದೇ ಇದೆ. ಜಿಲ್ಲೆಯ ಈ ಉತ್ತರದ ತುದಿ ಹೊರ್ತಿಯ ರೇವಣಸಿದ್ಧೇಶ್ವರ ಏತ ನೀರಾವರಿಯ ಪೈಪಿನ ಕಡೆಗೆ ಕಣ್ಣು ನೆಟ್ಟಿದೆ. ಭೀಮೆಯದ್ದು ಇನ್ನೊಂದು ಕತೆ: ಮೇಲೆ ಉಜನಿ ಅಣೆಕಟ್ಟು, ಅಲ್ಲಿ ಬಿಟ್ಟರೆ ಇಲ್ಲಿ ಹೊಳೆ. 2020ರ ಅಕ್ಟೋಬರದಲ್ಲಿ ಅದೇ ಭೀಮೆ ಉಕ್ಕಿ ಹೊಳೆದಂಡೆಯ ಊರುಗಳ ನಿಂತ ಪೈರನ್ನು ಕೊಚ್ಚಿತು. ಝಳಕಿಯ ಹೊಲಕ್ಕೆ ಆ ನೀರಿನ ಒಂದು ಹನಿಯೂ ಏರಲಿಲ್ಲ.

ಉದುರಿದ ಹಣ್ಣನ್ನು ಆಯ್ದು ಚೀಲಕ್ಕೆ ತುಂಬುತ್ತಿದ್ದಾನೆ ಕಾಕಾನ ಮಗ. ಸಾವಿರ ಕಾಯಿಗೆ ಒಂದು ಡಾಗ್. ಇಂಡಿಯ ಪೇಟೆಯಲ್ಲಿ ಅಡತಿಯವನು ಒಂದು ಹಿಡಿ ಎತ್ತಿ, ಹಳದಿ ನೋಡಿ, ಸಿಪ್ಪೆ ಒತ್ತಿ ನೋಡಿ ದರ ಕೂಗುತ್ತಾನೆ. ಇದೇ ಡಾಗ್ ಶ್ರಾವಣದಲ್ಲಿ ಗಾಡಿ ಬಾಡಿಗೆಯನ್ನೂ ಹುಟ್ಟಿಸದೆ ಹೋಗಬಹುದು, ಮೇ ತಿಂಗಳಲ್ಲಿ ಹತ್ತಾರು ಪಟ್ಟು ಆಗಬಹುದು. ಇಂಡಿಯಲ್ಲಿ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇದೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, 2025ರಲ್ಲಿ ಆ ಹೆಸರು ಹೊತ್ತ ಹಣ್ಣು ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹೋಯಿತು. ಇದು ಸಂತೋಷದ ಸುದ್ದಿ, ಮನಸ್ಸಿನಿಂದ ಹೇಳುತ್ತೇನೆ. ಶ್ರಾವಣದಲ್ಲಿ ಸುರಿಯುವ ಹಣ್ಣನ್ನು ರಸವಾಗಿಯೋ ಉಪ್ಪಿನಕಾಯಿಯಾಗಿಯೋ ಹಿಡಿದಿಡುವ ದೊಡ್ಡ ವ್ಯವಸ್ಥೆ ಹತ್ತಿರದಲ್ಲೇ ಬಂದರೆ ಈ ಹುಡುಗನ ಬದುಕಿಗೆ ವಿದೇಶದ ಪೇಟೆಗಿಂತ ಹೆಚ್ಚಿನ ಆಸರೆಯಾದೀತು.

ಮೂರು ಗಂಟೆಗೆ ಕಾಕಿ ಇಂಡಿಯಿಂದ ಮರಳಿದಳು, ಬ್ಯಾಂಕಿನ ಕೆಲಸಕ್ಕೆ ಹೋಗಿದ್ದಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಟಿಕೀಟಿಲ್ಲ. ಇಂಡಿ, ವಿಜಯಪುರ ಅಂಗಳದಷ್ಟು ಹತ್ತಿರ ಬಂದಿವೆ. ಸೋಲಾಪುರದ ಬಸ್ಸಿಗೆ ಮಾತ್ರ ಅದು ನಡೆಯುವುದಿಲ್ಲ. ಆದರೆ ಈ ಗಡಿಯ ಮನೆಗಳಿಗೆ ದೊಡ್ಡ ದವಾಖಾನೆ, ಮದುವೆಯ ಜವಳಿ, ಅರ್ಧ ಬೀಗತನ ಎಲ್ಲ ಸೋಲಾಪುರದ ಕಡೆಗೇ. ಜನವರಿಯಲ್ಲಿ ಅಲ್ಲಿನ ಸಿದ್ಧೇಶ್ವರ ಜಾತ್ರೆಗೂ ಇಲ್ಲಿಂದ ಜನ ಹೋಗುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ಎಲ್ಲಿ ಹೋಗುತ್ತದೆಂದು ಕೇಳಿದರೆ ಕಾಕಿ ಬೆರಳು ಮಡಚುತ್ತಾಳೆ: ಸಂಘದ ಕಂತು, ಮೊಮ್ಮಗನ ಟ್ಯೂಶನ್, ಆಯಿಯ ಬಿಪಿ ಗುಳಿಗೆ. “ನನ್ನ ಹೆಸರ್ಲೆ ಬರ್ತದ. ಕೇಳಿ ತಗೊಳ್ಳೂದು ತಪ್ಪೇತಿ, ಅಷ್ಟ ಸಾಕು.”

ಸಂಜೆ ಕಣ. ಹೋದ ವಾರ ಕಿತ್ತ ಪಟ್ಟಿಯ ತೆನೆ ಒಣಗಿ ಗುಡ್ಡೆಯಾಗಿದೆ. ರಾಶಿ ಮಷೀನು ಬಂದು ನಿಂತು ಗುಡುಗಲು ಶುರುಮಾಡಿತು. ಹಿಂದೆ ಮೇಟಿಯ ಸುತ್ತ ಎತ್ತು ತಿರುಗಿಸಿ, ಹಂತಿ ಹಾಡಿ, ರಾತ್ರಿಗಟ್ಟಲೆ ಮಾಡುತ್ತಿದ್ದ ರಾಶಿ ಈಗ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ. ಬಾಯಿಗೆ ಟವೆಲ್ಲು ಕಟ್ಟಿಕೊಳ್ಳಿ, ಧೂಳು ಕಣ್ಣು ಬಿಡಗೊಡುವುದಿಲ್ಲ. ಮಷೀನಿನ ಮೂತಿಯಿಂದ ಮುತ್ತಿನ ಬಣ್ಣದ ಕಾಳು ಸುರಿಯುತ್ತಿದೆ. ಮೊದಲ ಬುಟ್ಟಿ ಕಣಕ್ಕೆ, ಪೂಜೆಗೆ. ಆಮೇಲೆ ಚೀಲ.

ಒಟ್ಟು ಇಪ್ಪತ್ತು ಚೀಲ ಆದೀತೆಂದು ಕಾಕಾನ ಅಂದಾಜು. ಎಕರೆಗೆ ನಾಲ್ಕು, ಮಳೆಯನ್ನೇ ನಂಬಿದ ಹೊಲಕ್ಕೆ ಇದು ತಕ್ಕಮಟ್ಟಿನ ವರ್ಷ. ಮಾಲದಂಡಿಗೆ ಸರಕಾರ 2025–26ಕ್ಕೆ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 3,749 ರೂಪಾಯಿ. ಆರು ಚೀಲ ಮಾರಿದರೆ ಬೋರಿನ ಸಾಲದ ಒಂದು ಕಂತು ಹೋಗುತ್ತದೆ. ಕಾಕಾ ಬಾಯಿ ತೆಗೆಯುವ ಮೊದಲೇ, ಕಣದ ಅಂಚಿಗೆ ಬಂದು ಕೂತಿದ್ದ ಆಯಿ ಅಂದಳು:

“ಕಣಕಿ ಕೊಡು. ಜೋಳ ಮುಟ್ಟಬ್ಯಾಡ.”

“ಯವ್ವಾ, ಬ್ಯಾಂಕಿನವ್ರು ಮಾರ್ಚ್ ಅಂದಾರ.”

“ಬಣವಿಗಿ ಎಷ್ಟ ಬರ್ತದ ಕೇಳು ಮೊದ್ಲ. ಹಸ್ತಾ ಮಳಿ ಮುಂದಿನ ವರ್ಸ ಬರ್ತದಂತ ಬ್ಯಾಂಕಿನವ್ರು ಬರದ ಕೊಟ್ಟಾರೇನ?”

ಆಯಿಯ ಮಾತಿನಲ್ಲಿ ವ್ಯವಹಾರವಿದೆ. ಮಳೆ ಕೈಕೊಟ್ಟ ವರ್ಷ ಕಣಕಿಗೆ ಕಾಳಿಗಿಂತ ಹೆಚ್ಚು ಗಿರಾಕಿ. ಎಮ್ಮೆ ಕಟ್ಟಿದ ಪ್ರತಿ ಮನೆಯೂ ಬಣವಿ ಹುಡುಕುತ್ತದೆ. ಕಾಕಾ ಫೋನ್ ಹಚ್ಚಿದ. ಆ ಕಡೆಯಿಂದ ಮರಾಠಿ, ಈ ಕಡೆಯಿಂದ ಅರ್ಧ ಮರಾಠಿ ಅರ್ಧ ಕನ್ನಡ. ಐದು ನಿಮಿಷ ಎಳೆದಾಟ. ಕೊನೆಗೆ ಕಣಕಿ ಒಂದು ಗಾಡಿ, ಜೋಳ ಮೂರೇ ಚೀಲ ಎಂದು ತೀರ್ಮಾನವಾಯಿತು. ಗಾಡಿ ಗುರುವಾರ ಬರುತ್ತದೆ. ಕಂತಿಗೆ ಕಡಿಮೆ ಬಿದ್ದದ್ದನ್ನು ಮಗ ಎರಡು ವಾರ ಮಣೂಕದ ಶೆಡ್ಡಿಗೆ ಹೋಗಿ ತುಂಬುತ್ತೇನೆಂದ.

ಮಷೀನಿನವನು ಪಕ್ಕದ ಹೊಲದವರಿಗೆ ಸಮಯ ಕೊಟ್ಟಿದ್ದಾನೆ, ಅವಸರ ಮಾಡುತ್ತಿದ್ದಾನೆ. ಚೀಲದ ಬಾಯಿ ಹೊಲಿಯುವ ಮೊದಲು ಕಾಕಿ ಬುಟ್ಟಿ ಹಿಡಿದು ಎದ್ದಳು. ಕೂಲಿಯ ಹೆಣ್ಣುಮಕ್ಕಳು ಸೆರಗು, ಚೀಲ, ಡಬ್ಬಿ ಹಿಡಿದು ಸಾಲಾಗಿ ನಿಂತರು. ಮುಂದೆ ಬೆಳಿಗ್ಗೆ ಕಾಳಿಗೇ ಬರುತ್ತೇನೆಂದಿದ್ದ ಆ ಹಿರಿಯಳು. ಕಾಕಿ ಅಳೆದು ಸುರಿದಳು, ಮೇಲೆ ಒಂದು ಬೊಗಸೆ ಹೆಚ್ಚಿಗೆ ಹಾಕಿದಳು.

“ನಾಳಿ ಕೆಳಗಿನ ಪಟ್ಟಿ ಅದ, ಲಗೂನ ಬರ್ರಿ ಅತ್ತಿ.”

“ಬರ್ತೀನ ತಂಗಿ, ಬಿಸಲಾಗೂದ್ರಾಗ ಮುಗಸೂಣು.”